ಎರಡೂ ಗಂಡು

ಅಕ್ಕೋರೆ, ನಮ್ಮಕ್ಕನ ಮದುವಿ ಐತ್ರಿ,
ಎಂಟ ದಿನ ಇಟ್ಕೋರಿ,
ಎರಡೂ ಗಂಡಽ ಅದಾವು, ಏನೂ ತ್ರಾಸಿಲ್ಲ
ಅಂತ ಪಂಜರ ನನ್ನ ಕೈಗಿಟ್ಟು
ಕುರ್ಲಾ ಟರ್ಮಿನಸ್ಸಿಗೆ ಓಡಿದಳು ಹುಲಿಗೆಮ್ಮ,
ನಾಲ್ಕನೇ ಇಯತ್ತೆ, ದೀಪಾವಳಿ ರಜೆಯ ಹಿಂದಿನ ಸಂಜೆ.

ಹಸಿರಿನದು ಕೊತ್ತಂಬರಿ. ನೀಲಿಯದು ರಾಬಿನ್:
ಅವರವ್ವ ನಾಲ್ಕು ಮನೆಯ ಬಟ್ಟೆಗೆ ಹಾಕುವ
ನೀಲಿ ಪುಡಿಯ ಹೆಸರು.
ಮೆಟ್ರೋ ಗುಂಡಿಯ ಮೊದಲ ಪಗಾರದಲ್ಲಿ
ಅವರಪ್ಪ ತಂದದ್ದು, ಕ್ರಾಫರ್ಡ್ ಮಾರ್ಕೆಟ್ಟಿನಿಂದ.

ಕಾಂಜೂರ್‌ಮಾರ್ಗದ ನನ್ನ ಖೋಲಿಯಲ್ಲಿ
ಒಲೆಯಿಂದ ಹಾಸಿಗೆಗೆ ಒಂದೇ ಹೆಜ್ಜೆ.
ಪಂಜರ ಕಿಟಕಿಯಲ್ಲಿಟ್ಟರೆ ಬೆಳಕು ಹೋಯಿತು,
ಕಪಾಟಿನ ಮೇಲಿಟ್ಟರೆ ನನ್ನ ನಿದ್ದೆ ಹೋಯಿತು.
ಎಂಟು ದಿನ ತಾನೇ, ಅಂದುಕೊಂಡೆ.

ಡಿಸೆಂಬರಿನಲ್ಲಿ ಕೊತ್ತಂಬರಿಯ ಮೂಗು ಕಂದು ತಿರುಗಿತು.
ನೆಗಡಿಯಿರಬೇಕೆಂದು ಪಾತ್ರೆಯಲ್ಲಿ ನೀರು ಕಾಯಿಸಿ
ಓಮ ಹಾಕಿ ಪಂಜರದ ಹತ್ತಿರ ಆವಿ ಹಿಡಿದೆ.
ಮರುದಿನ ನವಣೆಯ ಬಟ್ಟಲಲ್ಲಿ
ಒಂದು ಬಿಳಿ ಗೋಲಿ.
ದಿನ ಬಿಟ್ಟು ದಿನ ಇನ್ನೊಂದು, ಮತ್ತೊಂದು.

ಘೋಸಾಳ್ಕರ್ ವಹಿನಿ ಮಡಿಕೆ ತಂದು, ತೂತು ಕೊರೆದು,
ತಾನೇ ತಂತಿ ಬಿಗಿದು ನೇತುಹಾಕಿ ನಕ್ಕಳು:
ಮದುವೆಯ ಗೊಡವೆಗೇ ಹೋಗದ ನನಗೆ
ಐವತ್ತಾರರಲ್ಲಿ ಬಾಣಂತನ.

ಐದು ಮರಿ. ರೆಕ್ಕೆ ಬಲಿತದ್ದೇ
ಎರಡನ್ನು ವಹಿನಿಗೆ ಕೊಟ್ಟೆ,
ಎರಡನ್ನು ಜೆರಾಕ್ಸ್ ಅಂಗಡಿಯ ಛೇಡಾನಿಗೆ.
ಎರಡೂ ಗಂಡು, ತ್ರಾಸಿಲ್ಲ, ಅಂದೆ.
ನಾಲಿಗೆಗೆ ಆ ಮಾತು ಎಷ್ಟು ಸಲೀಸಾಗಿ ಬಂತು!

ಅಷ್ಟರಲ್ಲಿ ಮಡಿಕೆಯಲ್ಲಿ ಮತ್ತೆ ಮೊಟ್ಟೆ.

ಶಾಲೆಗೆ ಬಂದ ಸಾಹೇಬರು ಹಾಜರಿ ಪುಸ್ತಕ ತಿರುವಿ
ಕನ್ನಡ ಮಾಧ್ಯಮ ಇಷ್ಟೇನಾ, ಅಂದರು.
ಹನ್ನೊಂದು, ಅಂದೆ. ಹನ್ನೆರಡು, ಅಂದೆ.
ಗೈರು ಗೈರು ಗೈರು ಅಂತ ಬರೆದ ಈ ಹೆಸರು
ಇನ್ನೂ ಯಾಕಿದೆ, ಹೊಡೆದುಹಾಕಿ ಅಂದರು.
ಕೆಂಪು ಪೆನ್ನು ಸಿಗುತ್ತಿಲ್ಲ ಸರ್, ಅಂದೆ.
ಅದು ನನ್ನ ಜಡೆಯಲ್ಲೇ ಸಿಕ್ಕಿಸಿತ್ತು.

ಮಾರ್ಕೆಟ್ಟಿಗೇ ಹೋಗಿ ಕೇಳಿದೆ.
ತೆಗೆದು ಬಿಸಾಡಿದರೆ ಮತ್ತೆ ಇಡುತ್ತದೆ ಬಾಯಿ,
ಬೇಯಿಸಿ, ಆರಿಸಿ, ವಾಪಸ್ ಇಡಿ.
ಇದೆ ಅಂದುಕೊಂಡು ಕೂತಿರುತ್ತದೆ, ಅಂದ.

ಚಹಾದ ಪಾತ್ರೆಯಲ್ಲಿ ಬೇಯಿಸಿದೆ, ಹತ್ತು ನಿಮಿಷ.
ಗುರುತಿಗೆ ಪೆನ್ಸಿಲಿನಿಂದ ಒಂದೊಂದರ ಮೇಲೂ ಇಂಟು:
ತಪ್ಪು ಉತ್ತರಕ್ಕೆ ಹಾಕುವಂಥದ್ದೇ.
ಆ ದಿನ ಆ ಪಾತ್ರೆಯಲ್ಲಿ ಚಹಾ ಮಾಡಲಾಗಲಿಲ್ಲ.

ಕೂತಳು ಕೊತ್ತಂಬರಿ.
ಹೊರಗಿನಿಂದ ರಾಬಿನ್ ನವಣೆ ಕಕ್ಕಿ ಉಣಿಸುತ್ತಿದ್ದ.
ಪರೀಕ್ಷೆಯ ಪೇಪರು ತಿದ್ದುತ್ತ ನಾನು,
ಬೆಂದದ್ದಕ್ಕೆ ಕಾವು ಕೊಡುತ್ತ ಅವಳು,
ಒಂದೇ ಖೋಲಿ.
ಮಡಿಕೆಯ ತೂತಿನಿಂದ ಒಂದು ಕಣ್ಣು ನನ್ನ ಕಡೆ.
ನಾನು ಬೆನ್ನು ತಿರುಗಿಸಿ ಕೂತು ಅಂಕ ಕೂಡಿಸಿದೆ.

ಮೂರು ವಾರ ಕಳೆದಿರಬೇಕು.
ಕುಕ್ಕರಿನ ಸೀಟಿ ನಿಂತ ಮೇಲೂ
ಸಣ್ಣದೊಂದು ಚೀಂ ಚೀಂ ನಿಲ್ಲಲಿಲ್ಲ.
ಟಾರ್ಚು ಬಿಟ್ಟು ನೋಡಿದರೆ ಆರು ಇಂಟುಗಳ ನಡುವೆ
ಕೂದಲಿಲ್ಲದ, ಕಣ್ಣಿಲ್ಲದ, ಬಾಯಿಯೇ ಮುಖವಾದದ್ದು.
ಆಮೇಲೆ ಇಟ್ಟದ್ದೋ, ನಾನೇ ಎಣಿಸಲು ತಪ್ಪಿದ್ದೋ.
ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು.

ಏಪ್ರಿಲಿನಲ್ಲಿ ಗೊತ್ತಿಲ್ಲದ ನಂಬರು.
ಎಷ್ಟ್ ಆದವ್ರಿ ಅಕ್ಕೋರೆ?
ಹಲೋ ಇಲ್ಲ, ಹೇಗಿದ್ದೀರಿ ಇಲ್ಲ.
ಗಂಡಽ ಅದಾವು ಅಂದಿದ್ದೆಯಲ್ಲೇ!
ಹಿಂದೆ ಕುರಿ ಒದರುತ್ತಿತ್ತು, ಯಾರೋ ಕೂಗುತ್ತಿದ್ದರು.
ಮೂಗ ನೋಡಿದ್ನಿರಿ, ಗೊತ್ತಿತ್ತು.
ಹೆಣ್ಣ ಐತಿ ಅಂದಿದ್ರ ನೀವು ಇಟ್ಕೊಳ್ಳತಿದ್ರಿ?

ಯಾವಾಗ ಬರ್ತಿ, ಅಂದೆ.
ಎಂಟ ದಿನರಿ, ಅಂದಳು.
ಆಮೇಲೆ ಕುರಿ ಮಾತ್ರ ಕೇಳಿಸಿತು.

ಬಟ್ಟಲು ಇಳಿಸಿದೆ. ತುಂಬಿದಂತೆ ಕಾಣುತ್ತದೆ,
ಮೇಲಿರುವುದೆಲ್ಲ ಬರೀ ಹೊಟ್ಟು.
ಕಿಟಕಿಗೆ ಹೋಗಿ ಮೆಲ್ಲಗೆ ಊದಿದೆ.
ಕೆಳಗೆ ವಹಿನಿ ಒಣಹಾಕಿದ ಸೀರೆಯ ಮೇಲೆ ಬಿದ್ದಿರಬೇಕು,
ಬೈಯುತ್ತಿದ್ದಾಳೆ.